ಬಿದ್ದದ್ದನ್ನು ಬರೆದಿದ್ದೀಯ, ಎತ್ತಿದವರೆಲ್ಲಿ?

ತೀರ್ಥಹಳ್ಳಿ,
ಆಷಾಢ ಮಾಸ, ಬುಧವಾರ

ಮಗಳ ಸಮಾನಳಾದ ಕಥೆಗಾರ್ತಿಗೆ ಆಶೀರ್ವಾದಗಳು.

ನಿನ್ನ ಹಸ್ತಪ್ರತಿ ನನ್ನ ಕೈ ಸೇರಿ ಏಳು ವಾರಗಳಾದವು. ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ದಾರ ಬಿಗಿದು, ಅಷ್ಟು ಜತನದಿಂದ ಕಳುಹಿಸಿದ್ದರೂ ನಮ್ಮ ಸೀಮೆಯ ಮಳೆ ತನ್ನ ಪಾಲನ್ನು ವಸೂಲಿ ಮಾಡದೆ ಬಿಟ್ಟಿರಲಿಲ್ಲ. ಮೇಲಿನ ಹತ್ತಿಪ್ಪತ್ತು ಹಾಳೆಗಳ ಅಂಚು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಬಿಡಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಸಂಡಿಗೆ ಡಬ್ಬಿಗಳ ಪಕ್ಕ ಹರಡಿ ಒಣಗಿಸಿದ ಮೇಲೆಯೇ ಓದಲು ಸಾಧ್ಯವಾಯಿತು. ಹಾಗಾಗಿ ನಿನ್ನ ಮೊದಲ ಅಧ್ಯಾಯಕ್ಕೆ ಸ್ವಲ್ಪ ಹೊಗೆಯ ವಾಸನೆ ಹತ್ತಿದೆ, ಕ್ಷಮಿಸು. ಆದರೆ ತಡವಾದದ್ದಕ್ಕೆ ಮಳೆಯೊಂದೇ ಕಾರಣವಲ್ಲ. ಒಮ್ಮೆ ಓದಿ ಮುಗಿಸಿ ನಿನಗೆ ಉತ್ತರವನ್ನೂ ಬರೆದಿದ್ದೆ. ಧೈರ್ಯಗೆಡಬೇಡ, ನಿನ್ನಲ್ಲಿ ಪ್ರತಿಭೆ ಇದೆ, ಒಂದು ದಿನ ಕಾಲ ಬಂದೇ ಬರುತ್ತದೆ ಎಂಬಂಥ ಮಾತುಗಳು ಅದರಲ್ಲಿದ್ದವು. ಇಂಥ ಪತ್ರಗಳನ್ನು ನಾನು ಮೂವತ್ತು ವರ್ಷಗಳಲ್ಲಿ ಎಷ್ಟೋ ಜನರಿಗೆ ಬರೆದಿದ್ದೇನೆ. ಅವರಲ್ಲಿ ಕೆಲವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಬರೆಯುವುದನ್ನು ಮಾತ್ರ ನಿಲ್ಲಿಸಿದ್ದಾರೆ. ಆ ಉತ್ತರವನ್ನು ಹರಿದುಹಾಕಿ ನಿನ್ನ ಹಸ್ತಪ್ರತಿಯನ್ನು ಮೊದಲಿನಿಂದ ಮತ್ತೆ ಓದಿದೆ.

ನೀನು ಕೇಳಿರುವ ಪ್ರಶ್ನೆಗಳು ಐದು. ಯಾವ ಪ್ರಕಾಶಕರಿಗೆ ಕಳುಹಿಸಬೇಕು, ಎಷ್ಟು ಪುಟಕ್ಕೆ ಮೀರಬಾರದು, ಸ್ಪರ್ಧೆಗೆ ಹೋದ ಕಥೆಯನ್ನು ಇನ್ನೊಂದು ಪತ್ರಿಕೆಗೂ ಕಳುಹಿಸಬಹುದೇ, ಮುನ್ನುಡಿಯನ್ನು ನಾನು ಬರೆದುಕೊಡಬಲ್ಲೆನೇ ಎಂಬ ಮೊದಲ ನಾಲ್ಕಕ್ಕೆ ನನ್ನಲ್ಲಿ ಉತ್ತರವಿಲ್ಲವೆಂದಲ್ಲ, ಆಸಕ್ತಿಯಿಲ್ಲ. ಶಿವಮೊಗ್ಗದ ಯಾವ ಪುಸ್ತಕದಂಗಡಿಯವರನ್ನು ಕೇಳಿದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ. ಮುನ್ನುಡಿಯನ್ನು ಮಾತ್ರ ನನ್ನಿಂದ ಬರೆಸಬೇಡ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಐದನೆಯ ಪ್ರಶ್ನೆ, ಬರೆಯುವುದನ್ನು ಬಿಟ್ಟುಬಿಡಲೇ ಎಂಬುದು. ಎರಡು ವರ್ಷಗಳಲ್ಲಿ 6 ಕಥೆಗಳು ವಾಪಸು ಬಂದಿವೆ. ಅದಕ್ಕೂ ಮುಂಚೆ ದ್ವಿತೀಯ ಪಿಯುಸಿಯಲ್ಲಿ ನಪಾಸಾದದ್ದು, ಹೊಸನಗರದ ಕಡೆಯ ನಿಮ್ಮ ಎರಡು ಎಕರೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದು ಸೊಸೈಟಿಯ ಸಾಲ ಹಾಗೆಯೇ ನಿಂತದ್ದು, ನೀನು ಶಿವಮೊಗ್ಗಕ್ಕೆ ಬಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದು, ಇವೆಲ್ಲವೂ ಹಸ್ತಪ್ರತಿಯಲ್ಲಿ ಬೇರೆ ಹೆಸರಿನ ಹುಡುಗಿಯೊಬ್ಬಳ ಬಾಳಾಗಿ ಬಂದಿವೆ. ಬಿಡಲೇ ಎಂದು ಕೇಳುವವರಿಗೆ ನಾನು ಸಾಮಾನ್ಯವಾಗಿ ಬಿಡು ಎಂದೇ ಹೇಳುವವನು. ಬಿಡಬಲ್ಲವರು ಬಿಟ್ಟು ಸುಖವಾಗಿರುತ್ತಾರೆ, ಬಿಡಲಾರದವರು ನನ್ನ ಮಾತನ್ನು ಹೇಗಿದ್ದರೂ ಕೇಳುವುದಿಲ್ಲ. ನಿನಗೆ ಹಾಗೆ ಹೇಳಲು ಮನಸ್ಸು ಬಾರದೆ ಇರುವುದಕ್ಕೆ ನಿನ್ನ ಹಸ್ತಪ್ರತಿಯ 63ನೆಯ ಪುಟ ಕಾರಣ. ಆದರೆ ಆ ಪುಟದ ಬಗ್ಗೆ ಹೇಳುವ ಮೊದಲು ನನ್ನ ಮನೆಯ ಸೌದೆ ಕೊಟ್ಟಿಗೆಯ ವಿಷಯವನ್ನು ಹೇಳಬೇಕು.

1971ರಲ್ಲಿ ನಾನು ಬಿ.ಎ. ಕೊನೆಯ ವರ್ಷದಲ್ಲಿ ನಪಾಸಾಗಿ ಊರಿಗೆ ಮರಳಿ, ಅಪ್ಪನ ಕಣ್ಣಿಗೆ ಬೀಳದಂತೆ ಬದುಕುವ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದೆ. ಆಗ ಪತ್ರಿಕೆಗಳಿಗೆ ಕಥೆ ಕಳುಹಿಸುವಾಗ ಅದರ ಜೊತೆಗೆ ನಮ್ಮದೇ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯೊಂದನ್ನೂ ಇಡಬೇಕಾಗಿತ್ತು. ಕಥೆ ಒಪ್ಪಿಗೆಯಾದರೆ ತೆಳ್ಳನೆಯ ಕಾರ್ಡು ಬರುತ್ತಿತ್ತು. ಇಲ್ಲವಾದರೆ ನಮ್ಮ ಕೈಬರಹವನ್ನೇ ಹೊತ್ತ ದಪ್ಪ ಲಕೋಟೆ ನಮ್ಮ ಮನೆಯನ್ನು ಹುಡುಕಿಕೊಂಡು ಬರುತ್ತಿತ್ತು. ಮೂರು ವರ್ಷಗಳಲ್ಲಿ ನನಗೆ ಅಂಥ 17 ಲಕೋಟೆಗಳು ಬಂದವು. ನಮ್ಮೂರಿನ ಅಂಚೆಯಣ್ಣ ಕಂಬಳಿಕೊಪ್ಪೆ ಹೊದ್ದು, ಚೀಲವನ್ನು ಕಂಕುಳಲ್ಲಿ ಅವಚಿಕೊಂಡು, ಎರಡು ಹಳ್ಳ ದಾಟಿ ನಮ್ಮ ಮನೆಗೆ ಬರಬೇಕಾಗಿತ್ತು. ಅಪ್ಪ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕುಳಿತಿರುತ್ತಿದ್ದರು. ಮೊದಲ ಎರಡು ಲಕೋಟೆಗಳು ಅಪ್ಪನ ಕೈಗೇ ಸಿಕ್ಕವು. ಎರಡನೆಯದನ್ನು ನನ್ನತ್ತ ಎಸೆಯುವಾಗ ಅಪ್ಪ ಆಡಿದ ಮಾತನ್ನು, ಅಂಗಳದಲ್ಲಿ ಕೊಪ್ಪೆಯ ನೀರು ಕೊಡವುತ್ತಿದ್ದ ಅಂಚೆಯಣ್ಣ ಕೇಳಿಸಿಕೊಂಡರು.

ಮೂರನೆಯದರಿಂದ ಮುಂದೆ ಯಾವ ಲಕೋಟೆಯೂ ನಮ್ಮ ಜಗಲಿ ಹತ್ತಲಿಲ್ಲ. ಬೇಲಿಯ ಉಣುಗೋಲು ದಾಟಿದ ಅಂಚೆಯಣ್ಣ ನೇರವಾಗಿ ಬಾರದೆ ಸೌದೆ ಕೊಟ್ಟಿಗೆಯ ಕಡೆಯಿಂದ ಸುತ್ತಿ ಬಂದು, ಲಕೋಟೆಯನ್ನು ಅಲ್ಲಿ ಮಾಡಿನ ಸಂದಿಗೆ ಸಿಕ್ಕಿಸಿ, ಆಮೇಲೆ ಜಗಲಿಯ ಮುಂದೆ ನಿಂತು ಅಪ್ಪನ ಕಾಗದಗಳನ್ನು ಕೊಟ್ಟು, ಒಳಗಿದ್ದ ನನಗೆ ಕೇಳಿಸುವಷ್ಟು ಗಟ್ಟಿಯಾಗಿ "ತಮ್ಮಯ್ಯ ಮನೇಲಿಲ್ವಾ?" ಎಂದು ವಿಚಾರಿಸುತ್ತಿದ್ದರು. ಕೊಟ್ಟಿಗೆಯಲ್ಲಿ ಏನನ್ನೂ ಇಡದ ದಿನ ಆ ವಿಚಾರಣೆ ಇರುತ್ತಿರಲಿಲ್ಲ. ಈ ಏರ್ಪಾಡಿನ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತನಾಡಲಿಲ್ಲ. ಲಕೋಟೆಯೊಳಗೆ ಏನಿದೆಯೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅದು ಒದ್ದೆಯಾಗಬಾರದೆಂದು ಹಾಳೆಯ ತುಂಡೊಂದನ್ನು, ಅಡಿಕೆ ಹಾಳೆಯನ್ನು, ಸಂದಿಯ ಮೇಲೆ ಮುಚ್ಚಿಡುವುದನ್ನು ಅವರೇ ರೂಢಿ ಮಾಡಿಕೊಂಡರು.

ಮುಂದೆ ನನಗೂ ಶಾಲು, ಹಾರ, ಹಣ್ಣಿನ ಬುಟ್ಟಿಗಳು ದೊರೆಯುವ ಕಾಲ ಬಂದಾಗ ಆ 17 ಲಕೋಟೆಗಳ ಕಥೆಯನ್ನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲಿ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ ಎಂಬುದೂ ನನಗೆ ಬಾಯಿಪಾಠವಾಗಿತ್ತು. ಅಂಚೆಯಣ್ಣ ಅದರಲ್ಲಿ ಒಮ್ಮೆಯೂ ಬರಲಿಲ್ಲ. ಮರೆತದ್ದರಿಂದ ಹಾಗಾಗಲಿಲ್ಲ. ಅವರನ್ನು ಸೇರಿಸಿಕೊಂಡರೆ ನನ್ನ ಒಂಟಿತನದ ತೂಕ ಕಡಿಮೆಯಾಗುತ್ತಿತ್ತು. ಲೋಕವೆಲ್ಲ ಬೇಡವೆಂದರೂ ಒಬ್ಬನೇ ನಿಂತು ಗೆದ್ದ ಹುಡುಗನ ಕಥೆಗೆ, ಸೌದೆ ಕೊಟ್ಟಿಗೆಯ ಕಡೆಯಿಂದ ಸುತ್ತಿ ಬರುವ ಇನ್ನೊಬ್ಬ ಮನುಷ್ಯ ಬೇಕಾಗಿರಲಿಲ್ಲ. ಅವರು ನಿವೃತ್ತರಾಗಿ, ಆಮೇಲೆ ತೀರಿಯೂ ಹೋದರು. ನನ್ನ ಮೊದಲ ಪುಸ್ತಕವನ್ನು ಅವರಿಗೆ ಕೊಡಲಿಲ್ಲ.

ನಿನ್ನ ಹಸ್ತಪ್ರತಿಯಲ್ಲಿ ನಾನು ಕಂಡದ್ದು ಇದೇ ಕಳ್ಳಲೆಕ್ಕವನ್ನು. ಎರಡನೆಯ ಸಲ ಓದುವಾಗ ಪೆನ್ಸಿಲ್ ಹಿಡಿದು ಎಣಿಸಿದೆ. ನಿನ್ನ ನಾಯಕಿಗೆ ಆದ ಅವಮಾನಗಳು 11. ಪ್ರತಿಯೊಂದಕ್ಕೂ ಸ್ಥಳ, ಹೊತ್ತು, ಅಂದವರ ಅಂಗಿಯ ಬಣ್ಣ ಸಹಿತವಾದ ವಿವರಗಳಿವೆ, ಒಳ್ಳೆಯ ವಿವರಗಳೇ ಇವೆ. ಇನ್ನು ಅವಳಿಗೆ ಒದಗಿದವರು? ರಾತ್ರಿ ಕೊನೆಯ ಬಸ್ಸನ್ನು ನಿಲ್ದಾಣವೇ ಇಲ್ಲದ ತಿರುವಿನಲ್ಲಿ ನಿಲ್ಲಿಸಿ, ಮೇಲಿನ ಮನೆಯಿಂದ ಬ್ಯಾಟರಿಯ ಬೆಳಕು ಕಾಣುವವರೆಗೆ ಸೀಟಿ ಊದದೆ ಕಾಯುವ ಕಂಡಕ್ಟರ್ ನಿನ್ನ ಹಸ್ತಪ್ರತಿಯಲ್ಲಿ "ಒಬ್ಬ ಕಂಡಕ್ಟರ್". ಔಷಧಿ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ಗಿರಾಕಿಗಳನ್ನು ತಾನೇ ನೋಡಿಕೊಂಡು, ಪೆಟ್ಟಿಗೆಗಳ ಹಿಂದೆ ಕುಳಿತು ಬರೆಯಲು ಅವಳಿಗೆ ಮುಕ್ಕಾಲು ಗಂಟೆ ಬಿಡಿಸಿಕೊಡುವ ಹಿರಿಯ ಹೆಂಗಸು "ಜೊತೆಯಲ್ಲಿ ಕೆಲಸ ಮಾಡುವವರು ಯಾರೋ". ಇವರಿಗೆ ಒಂದೊಂದೇ ಸಾಲು. ಹೆಸರು ಬೇಡ, ಮುಖವಾದರೂ ಬೇಡವೇ? ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂಬ ಕುವೆಂಪು ಅವರ ಮಾತನ್ನು ನೀನು ಹಸ್ತಪ್ರತಿಯ ಮೊದಲ ಹಾಳೆಯಲ್ಲಿ ಅಂದವಾಗಿ ಬರೆದು ಕೆಳಗೆ ಗೆರೆ ಎಳೆದಿದ್ದೀಯ. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಬಾಗಿಲಲ್ಲಿ ಅವರು ಆ ಮಾತನ್ನು ಬರೆದದ್ದು ಮುಂದಿನ ನೂರಾರು ಪುಟಗಳಲ್ಲಿ ಅದನ್ನು ನಡೆಸಿಕೊಡುವುದಕ್ಕಾಗಿ. ನೀನು ನಾಲ್ಕು ಪುಟ ಕಳೆಯುವುದರೊಳಗೆ ಮರೆತಿದ್ದೀಯ.

ಇನ್ನು ಆ 63ನೆಯ ಪುಟ. ಅದಕ್ಕೆ ಮುಂಚಿನ ಎರಡು ಪುಟಗಳಲ್ಲಿ ಅಪ್ಪ ಅಡಿಕೆಯ ಕೊಳೆರೋಗಕ್ಕೆ ಔಷಧಿ ತಯಾರಿಸುವ ಚಿತ್ರವಿದೆ. ನೂರು ಲೀಟರು ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ ಎಂಬ ಲೆಕ್ಕ ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವುದೇ. ಆದರೆ ಬೇರೆ ಬೇರೆಯಾಗಿ ಕರಗಿಸಿದ ಎರಡನ್ನೂ ಬೆರೆಸಿದ ಮೇಲೆ ಅಪ್ಪ ಅಡುಗೆಮನೆಯ ಕತ್ತಿಯನ್ನು ಅದರಲ್ಲಿ ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆಯೇ ಎಂದು ಮೋಡದ ಬೆಳಕಿಗೆ ಹಿಡಿದು ನೋಡುವುದು, ಕೆಂಪು ಕಂಡೊಡನೆ ಮಾತಿಲ್ಲದೆ ಸುಣ್ಣದ ನೀರಿನ ಬಕೆಟ್ಟಿಗೆ ಕೈಚಾಚುವುದು, ಅವರ ಬೆರಳ ಸಂದಿಗಳಲ್ಲಿ ಆ ನೀಲಿ ಬಣ್ಣ ಗೌರಿಹಬ್ಬದವರೆಗೂ ಉಳಿಯುವುದು, ಇವನ್ನು ಬರೆಯಲು ಕಣ್ಣು ಬೇಕು. ಇಡೀ ಹಸ್ತಪ್ರತಿಯಲ್ಲಿ ಅತ್ಯುತ್ತಮವಾದ ಪುಟಗಳು ಇವೆರಡೇ, ಏಕೆಂದರೆ ಅವುಗಳಲ್ಲಿ ನೀನಿಲ್ಲ. ಅವುಗಳ ಕೊನೆಗೆ, 63ನೆಯ ಪುಟದ ಮೇಲ್ತುದಿಯಲ್ಲಿ, ಒಂದು ಸಾಲು ಬರುತ್ತದೆ: ಆ ವರ್ಷ ಔಷಧಿ ಹೊಡೆದ ಕೊನೆಗೌಡ ಕೂಲಿ ಕೇಳಲಿಲ್ಲ.

ಅಲ್ಲಿಗೆ ನಿಲ್ಲಿಸಿ, ಹೊಸ ಪ್ಯಾರಾ ಆರಂಭಿಸಿ, ನಾಯಕಿಯ ದುಃಖಕ್ಕೆ ಹೊರಟುಹೋಗಿದ್ದೀಯ. ನಾನು ಪುಸ್ತಕ ಮಡಿಸಿಟ್ಟು ಅಂಗಳಕ್ಕೆ ಹೋಗಿ ಬಂದೆ. ಯಾರು ಈತ, ಮರ ಹತ್ತಿ ಔಷಧಿ ಹೊಡೆದು ಅಡಿಕೆ ಕೊನೆ ಕೊಯ್ಯುವ ಈ ಕೊನೆಗೌಡ? ಮಳೆಗಾಲದ ಜಾರುವ ಮರವನ್ನು ಕಾಲಿಗೆ ಹಗ್ಗದ ಬಳೆ ತೊಟ್ಟು 50 ಅಡಿ ಏರಿ, ಕೆಳಗಿಳಿಯದೆ ಮರವನ್ನೇ ವಾಲಿಸಿಕೊಂಡು ಇನ್ನೊಂದು ಮರಕ್ಕೆ ಹಾಯುವ ಮನುಷ್ಯ, ವರ್ಷದಲ್ಲಿ ಕೆಲವೇ ತಿಂಗಳ ದುಡಿಮೆಯನ್ನು ಹನ್ನೆರಡು ತಿಂಗಳಿಗೆ ಹಂಚಿಕೊಳ್ಳಬೇಕಾದ ಮನುಷ್ಯ, ಸಾಲದಲ್ಲಿದ್ದ ನಿಮ್ಮ ಮನೆಯಿಂದ ಬರಿಗೈಯಲ್ಲಿ ಹೋದನೆಂದರೆ ಆ ಸಂಜೆ ಆತನ ಮನೆಯಲ್ಲಿ ಏನು ಬೆಂದಿತು? ಹೆಂಡತಿಗೆ ಏನೆಂದು ಹೇಳಿದ? ಹಿಂದೆಂದೋ ನಿನ್ನ ಅಜ್ಜ ಆತನಿಗೆ ಉಪಕಾರ ಮಾಡಿದ್ದರೇ, ಅಥವಾ ಅನ್ಯಾಯವನ್ನೇ ಮಾಡಿದ್ದು ಆತ ಅದನ್ನು ಹೀಗೆ ತಿರುಗಿಸಿ ಕೊಟ್ಟನೇ? ಅಪ್ಪ ಮರುವರ್ಷ ಆ ಕೂಲಿಯನ್ನು ಕೊಟ್ಟರೇ, ಇಲ್ಲವೇ ಇಬ್ಬರೂ ಅದನ್ನು ಮರೆತವರಂತೆ ನಟಿಸುತ್ತ ತೋಟದಲ್ಲಿ ಓಡಾಡಿದರೇ? ಮಾರಾಯ್ತಿ, ನಿನ್ನ ಕಾದಂಬರಿ ಇರುವುದು ಅಲ್ಲಿ. ಅದನ್ನು ಒಂದೇ ನೆಗೆತಕ್ಕೆ ದಾಟಿ, ಮುಂದಿನ ಆರು ಪುಟಗಳ ಉದ್ದಕ್ಕೂ ಕನ್ನಡಿಯ ಮುಂದೆ ಕುಳಿತು ಅತ್ತಿದ್ದೀಯ.

ಇಷ್ಟು ಗಟ್ಟಿಯಾಗಿ ಗದರುವ ಅಧಿಕಾರ ನನಗೆ ಎಲ್ಲಿಂದ ಬಂತೆಂದು ನೀನು ಕೇಳಬಹುದು. ನೀನು ಎತ್ತಿದವರನ್ನು ಬರೆಯದೆ ಬಿಟ್ಟಿದ್ದೀಯ, ಅಷ್ಟೇ. ನಾನು ಅದಕ್ಕಿಂತ ಕೆಟ್ಟದ್ದನ್ನು ಮಾಡಿದವನು.

1974ರಲ್ಲಿ ನನಗೆ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಊಟ ಗಾಂಧಿ ಬಜಾರಿನ ಹಿಂದಿನ ಓಣಿಯ ಒಂದು ಸಣ್ಣ ಹೋಟೆಲಿನಲ್ಲಿ, ಲೆಕ್ಕ ತಿಂಗಳ ಕೊನೆಗೆ. ಐದು ತಿಂಗಳಾಗುವಷ್ಟರಲ್ಲಿ ಮಂಡಿಯ ಕೆಲಸ ಹೋಯಿತು. ನಾನು ಆ ಹೋಟೆಲಿನ ಕಡೆಗೆ ಹೋಗುವುದನ್ನೇ ನಿಲ್ಲಿಸಿದೆ. ಮೂರನೆಯ ದಿನ ಮಾಲೀಕರು ಹುಡುಗನೊಬ್ಬನನ್ನು ಕಳುಹಿಸಿ ಕರೆಸಿದರು. ಬಾಕಿ ಕೇಳುತ್ತಾರೆಂದು ಹೆದರಿಕೊಂಡೇ ಹೋದವನಿಗೆ ಅವರು ಹೇಳಿದ್ದು, "ಜ್ವರ ಗಿರ ಬಂತೇನೋ ಅಂದ್ಕೊಂಡೆ. ಎಲೆ ಹಾಕಿದೆ, ಕೂತ್ಕೊಳ್ಳಿ" ಎಂದಷ್ಟೇ. ಅಂದಿನಿಂದ ಏಳು ತಿಂಗಳು ನಾನು ಅಲ್ಲಿ ಉಂಡೆ. ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಅಂಕಿಗಳು ಬೆಳೆಯುತ್ತ ಹೋದವು, ಬಾಕಿಯ ಮಾತು ಮಾತ್ರ ಒಂದು ದಿನವೂ ಬರಲಿಲ್ಲ. ಆ ಅನ್ನವನ್ನು ತಿಂದು, ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ಅವರದೇ ಮೇಜಿನ ಮೇಲೆ ಕುಳಿತು ನಾನು ಒಂದು ಕಥೆ ಬರೆದೆ. ಅದರಲ್ಲಿ ಹಸಿದ ಪದವೀಧರನೊಬ್ಬನಿದ್ದ, ಅವನ ಎಲೆಗೆ ಬೀಳುವ ಹಪ್ಪಳಗಳನ್ನು ಎಣಿಸುವ ಜಿಪುಣ ಹೋಟೆಲಿನವನೊಬ್ಬನಿದ್ದ. ಮಾಲೀಕರು ಹಪ್ಪಳ ಎಣಿಸುತ್ತಿದ್ದದ್ದು ನಿಜ. ಬೇಸಗೆಯಲ್ಲಿ ಅವರ ಹೆಂಡತಿ ಒಬ್ಬರೇ ಮಾಡಿಟ್ಟ ಹಲಸಿನ ಹಪ್ಪಳಗಳು ವರ್ಷಪೂರ್ತಿ ಬರಬೇಕಾಗಿತ್ತು. ಎಣಿಕೆಯನ್ನು ನಾನು ಕಥೆಗೆ ತೆಗೆದುಕೊಂಡೆ, ಅನ್ನವನ್ನು ಬಿಟ್ಟೆ.

ಕಥೆಗೆ ದೀಪಾವಳಿ ವಿಶೇಷಾಂಕವೊಂದರಲ್ಲಿ ಬಹುಮಾನ ಬಂತು. ಗಿರಾಕಿಗಳು ಓದಲೆಂದು ಆ ಪತ್ರಿಕೆಯನ್ನು ಮಾಲೀಕರು ತರಿಸುತ್ತಿದ್ದರೆಂಬುದು ನನಗೆ ನೆನಪಾದದ್ದು, ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಂಡಾಗಲೇ. ಅವರು ಏನೂ ಹೇಳಲಿಲ್ಲ. ಆದರೆ ಮರುದಿನ ನನ್ನ ಎಲೆಗೆ ಎರಡು ಹಪ್ಪಳ ಬಿದ್ದವು. ಅದರ ಮರುದಿನವೂ ಎರಡು, ನಾನು ಆ ಊರು ಬಿಡುವವರೆಗೆ ಪ್ರತಿದಿನವೂ ಎರಡು. ಬಹುಮಾನದ ಹಣದಲ್ಲಿ ಬಾಕಿ ತೀರಿಸಲು ಹೋದಾಗ ನೋಟುಗಳನ್ನು ತೆಗೆದುಕೊಂಡು ಎಣಿಸದೆ ಗಲ್ಲಾಪೆಟ್ಟಿಗೆಗೆ ಹಾಕಿದರು. ಆ ಎರಡನೆಯ ಹಪ್ಪಳ ಚುಚ್ಚುವುದಕ್ಕೆ ಹಾಕಿದ್ದೋ, ಹುಡುಗನಿಗೆ ಹಪ್ಪಳ ಸಾಲದೆ ಹೋಗುತ್ತಿತ್ತೆಂದು ನಿಜವಾಗಿಯೂ ನೊಂದುಕೊಂಡು ಹಾಕಿದ್ದೋ, ಐವತ್ತು ವರ್ಷಗಳಾದರೂ ನನಗೆ ಬಗೆಹರಿದಿಲ್ಲ. ಕೇಳುವ ಧೈರ್ಯವಿದ್ದಾಗ ಕೇಳುವ ಮನಸ್ಸಿರಲಿಲ್ಲ. ಮನಸ್ಸಾದಾಗ ಆ ಹೋಟೆಲಿನ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಆ ಕಥೆ ಈಗಲೂ ಸಂಕಲನಗಳಲ್ಲಿ ಬರುತ್ತಿದೆ, ಶೋಷಣೆಯ ಸಮರ್ಥ ಚಿತ್ರಣವೆಂದು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಿದ್ದಾರೆ. ನಾನು ಗೌರವಧನ ಪಡೆಯುತ್ತಿದ್ದೇನೆ.

ಇದನ್ನು ಓದಿ ನೀನು ಇನ್ನೊಂದು ತುದಿಗೆ ಓಡಿ, ಕಂಡಕ್ಟರನನ್ನೂ ಕೊನೆಗೌಡನನ್ನೂ ದೇವರ ಪಟಗಳನ್ನಾಗಿ ಮಾಡಿ ಹೂವು ಏರಿಸುತ್ತೀಯೆಂಬ ಭಯವೂ ನನಗಿದೆ. ದಯವಿಟ್ಟು ಹಾಗೆ ಮಾಡಬೇಡ. ನನ್ನ ಲಕೋಟೆಗಳನ್ನು ಕಾಪಾಡಿದ ಅಂಚೆಯಣ್ಣ ಮನಿಯಾರ್ಡರು ಕೊಟ್ಟ ಮನೆಗಳಲ್ಲಿ ಚಿಲ್ಲರೆಗಾಗಿ ಕೈಚಾಚಿ ನಿಲ್ಲುತ್ತಿದ್ದರು, ವಿಧವೆಯರ ಮನೆಗಳನ್ನೂ ಬಿಡುತ್ತಿರಲಿಲ್ಲ. ನನಗೆ ಎಲೆ ಹಾಕಿ ಕಾದ ಮಾಲೀಕರು, ಲೋಟ ಒಡೆದ ಹುಡುಗನ ಸಂಬಳದಲ್ಲಿ ಅದರ ಬೆಲೆಯನ್ನು ಮುರಿದುಕೊಳ್ಳುತ್ತಿದ್ದರು. ಅದೇ ಕೈ ಇದನ್ನೂ ಮಾಡಿತು, ಅದನ್ನೂ ಮಾಡಿತು. ಕ್ರೌರ್ಯ ತಾನಾಗಿಯೇ ಸದ್ದು ಮಾಡುವುದರಿಂದ ಬರೆಯುವವರಿಗೆ ಅಲ್ಲಿ ಕೆಲಸ ಕಡಿಮೆ. ಒಳ್ಳೆಯತನ ಮಾತಿಲ್ಲದೆ ಬಂದು ಮಾತಿಲ್ಲದೆ ಹೋಗುತ್ತದೆ. ಮಾಡಿದವರೇ ಅದನ್ನು ಮರೆತಿರುತ್ತಾರೆ, ಪಡೆದವರಿಗೆ ಅದನ್ನು ನೆನೆಯಲು ನಾಚಿಕೆ. ಅಂಥದನ್ನು ಸಕ್ಕರೆ ಬೆರೆಸದೆ, ಇದ್ದಷ್ಟು ಅಳತೆಯಲ್ಲಿ ಕಾಗದಕ್ಕೆ ತರುವುದು ನನಗೆ ಈ ವಯಸ್ಸಿನಲ್ಲಿಯೂ ಕೈಹಿಡಿದ ವಿದ್ಯೆಯಲ್ಲ. ನಿನ್ನ ಅಪ್ಪ ಕತ್ತಿ ಅದ್ದಿ ನೋಡುವಂತೆ ಪ್ರತಿ ಪುಟಕ್ಕೂ ಏನನ್ನಾದರೂ ಅದ್ದಿ ನೋಡಬೇಕಾಗುತ್ತದೆ.

ಮುನ್ನುಡಿಯ ವಿಷಯ ಹೇಳುತ್ತೇನೆಂದೆನಲ್ಲವೇ. 1979ರಲ್ಲಿ ನನ್ನ ಮೊದಲ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸುವಂತೆ ಕೋರಿ ಒಬ್ಬ ಸಂಪಾದಕರಿಗೆ ಕಳುಹಿಸಿದೆ. ಅಷ್ಟರಲ್ಲಿ ನಾನೂ ಹುಷಾರಾಗಿದ್ದೆ. 40 ಮತ್ತು 41ನೆಯ ಪುಟಗಳ ನಡುವೆ ಒಂದು ಹಿಂಗಾರದ ಎಸಳನ್ನು ಇಟ್ಟಿದ್ದೆ. ಎರಡು ವರ್ಷಗಳ ನಂತರ ಹಸ್ತಪ್ರತಿ ವಾಪಸು ಬಂತು, ಜೊತೆಗೆ ಒಂದು ಪುಟದ ಪತ್ರ. ಕಾದಂಬರಿಯನ್ನು ಓದಿ ಬಹಳ ಸಂತೋಷವಾಯಿತು, ಭಾಷೆ ಸತ್ವಯುತವಾಗಿದೆ, ಪಾತ್ರಗಳು ಜೀವಂತವಾಗಿವೆ, ಆದರೂ ಸದ್ಯ ಸ್ಥಳಾವಕಾಶವಿಲ್ಲ ಎಂದು ಅದರಲ್ಲಿತ್ತು. ನನ್ನ ಎಸಳು ಒಣಗಿ, ಕಾಗದಕ್ಕೆ ಕಂದು ಕಲೆ ಮಾಡಿ, ಇಟ್ಟ ಜಾಗದಲ್ಲಿಯೇ ಇತ್ತು. ಓದದೆ ಬೈದಿದ್ದರೆ ನಾನು ಎಂದೋ ಮರೆಯುತ್ತಿದ್ದೆ. ಅವರು ಓದದೆ ಹೊಗಳಿದರು. ಆ ಸಂಪಾದಕರು ಈಗಿಲ್ಲ, ನನ್ನ ಸಿಟ್ಟು ಇದೆ. ಆ ಕಾದಂಬರಿಯನ್ನು ಮೊನ್ನೆ ತಿರುವಿ ಹಾಕಿದಾಗ ವಾಪಸು ಕಳುಹಿಸಿದ್ದು ಸರಿಯೇ ಎನಿಸಿತು, ಆದರೂ ಸಿಟ್ಟು ಹೋಗಲಿಲ್ಲ. ಇಷ್ಟೆಲ್ಲ ಆದ ಮೇಲೆ ನಾನೇನು ಮಾಡಿದೆನೆಂದರೆ, ಹೆಸರು ಬಂದ ಕಾಲದಲ್ಲಿ ಮೂರು ಪುಸ್ತಕಗಳಿಗೆ ಪೂರ್ತಿ ಓದದೆ ಮುನ್ನುಡಿ ಬರೆದುಕೊಟ್ಟೆ. ಅಲ್ಲಿಗೆ ನನ್ನ ಮುನ್ನುಡಿಗಳ ಬೆಲೆ ಏನೆಂದು ನಿನಗೆ ತಿಳಿಯಿತಲ್ಲ.

ಕುಪ್ಪಳಿಯ ಹುಡುಗ ಕುವೆಂಪು ಮೈಸೂರಿನಲ್ಲಿ ಓದುತ್ತಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆದು, 1922ರಲ್ಲಿ ಪುಸ್ತಕವನ್ನೂ ಅಚ್ಚು ಹಾಕಿಸಿ, ಎರಡು ವರ್ಷಗಳ ಬಳಿಕ ತನ್ನ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ಕೊಂಡೊಯ್ದು ತೋರಿಸಿದ್ದು, ಅವರು ನಿನ್ನ ನುಡಿಯಲ್ಲಿ ಬರೆ ಎಂದು ಹೇಳಿ ಕಳುಹಿಸಿದ್ದು ನಮ್ಮ ಸೀಮೆಯ ಎಲ್ಲ ಭಾಷಣಗಳಲ್ಲಿಯೂ ಸವೆದುಹೋದ ಕಥೆ. ಭಾಷಣಕಾರರು ಅದನ್ನು ಕನ್ನಡದ ಭಾಗ್ಯವೆಂದು ಹೇಳಿ ಮುಗಿಸುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಎಲ್ಲಿಂದಲೋ ಬಂದ ಹುಡುಗನ ಕೈಯಲ್ಲಿದ್ದದ್ದನ್ನು ತೆಗೆದುಕೊಂಡು ನೋಡಿ, ಬೆನ್ನು ತಟ್ಟಿ ಸಾಗಹಾಕುವ ಸುಲಭದ ದಾರಿ ಇದ್ದಾಗಲೂ ಅನಿಸಿದ್ದನ್ನೇ ಹೇಳುವಷ್ಟು ಆ ಹಿರಿಯರು ಅವನನ್ನು ಲೆಕ್ಕಕ್ಕೆ ತೆಗೆದುಕೊಂಡರು. ಆ ಗಳಿಗೆಯಲ್ಲಿ ಅದು ಹುಡುಗನಿಗೆ ಪೆಟ್ಟು. ಅವನಿಗೆ ಒದಗಿದ ಉಪಕಾರವೂ ಅದೇ. ನಿನ್ನ 6 ಕಥೆಗಳಲ್ಲಿ ಒಂದು ವಾಪಸು ಬಂದಾಗ ಅಂಚಿನಲ್ಲಿ ಯಾರೋ "ಅಜ್ಜಿ ಯಾಕೆ ಮಧ್ಯದಲ್ಲಿ ಕಾಣೆಯಾದರು?" ಎಂದು ಪೆನ್ಸಿಲಿನಲ್ಲಿ ಬರೆದಿದ್ದರೆಂದು ಅವಮಾನಗಳ ಪಟ್ಟಿಯಲ್ಲಿ ಸೇರಿಸಿದ್ದೀಯ. ಅದನ್ನು ಆ ಪಟ್ಟಿಯಿಂದ ತೆಗೆ. ಆ ಪೆನ್ಸಿಲಿನವರು ಓದಿದ್ದಾರೆ.

ಛಲದ ಬಗ್ಗೆ ನೀನು ಒಂದು ಅಧ್ಯಾಯವನ್ನೇ ಬರೆದಿದ್ದೀಯ, ಅದನ್ನು ಪೂರ್ತಿ ಕಿತ್ತುಹಾಕಿದರೆ ನಷ್ಟವಿಲ್ಲ. ಮಳೆ ಹಿಡಿಯುವ ಮುಂಚೆ ಒಮ್ಮೆ ಔಷಧಿ ಹೊಡೆದು, ನಲವತ್ತು ನಲವತ್ತೈದು ದಿನಗಳಾದ ಮೇಲೆ ಇನ್ನೊಮ್ಮೆ ಹೊಡೆದು, ಮಳೆ ಬಿಡದೆ ಹೋದರೆ ಮೂರನೆಯ ಸಲವೂ ಹೊಡೆಯುವುದನ್ನು ನಮ್ಮಲ್ಲಿ ಯಾರೂ ಛಲವೆನ್ನುವುದಿಲ್ಲ, ತೋಟದ ಕೆಲಸವೆನ್ನುತ್ತಾರೆ. 2025ರ ಜನವರಿಯಲ್ಲಿ ನಮ್ಮನ್ನಗಲಿದ ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬರೆದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದು ಶರಾವತಿಯ ನೀರು ಮೇಲೇರಿದಾಗ ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟು ಎದ್ದವರ ಬಾಳನ್ನು ಅವರು ಹತ್ತಿರದಿಂದ ಕಂಡರು, ದಶಕಗಳ ಕಾಲ ಮತ್ತೆ ಮತ್ತೆ ಅದಕ್ಕೇ ಮರಳಿದರು. ಅಷ್ಟು ವರ್ಷ ಬರೆಯುವಂತೆ ಮಾಡಿದ್ದು ತನ್ನ ಗಾಯವಾಗಿದ್ದರೆ ಅದು ಎಂದೋ ಮಾಯ್ದು ಬರವಣಿಗೆ ನಿಂತುಹೋಗುತ್ತಿತ್ತು ಎಂದು ನನಗೆ ಅನಿಸುತ್ತದೆ. ನಿನ್ನ ಗಾಯವೂ ಮಾಯುತ್ತದೆ, ಮಾಯಲಿ ಎಂದೇ ನನ್ನ ಹಾರೈಕೆ. ಆಮೇಲೆ ಏನನ್ನು ಬರೆಯುತ್ತೀಯ ಎಂಬುದನ್ನು ಈಗಲೇ ನೋಡಿಕೊಂಡಿರು.

ಈಗ ಮಾಡಬೇಕಾದದ್ದು ಇಷ್ಟು. ಮುಂದಿನ ಸಲ ಊರಿಗೆ ಹೋದಾಗ ಆ ಕೊನೆಗೌಡನ ಮನೆಗೆ ಹೋಗು. ಇದು ಎರಡನೆಯ ಔಷಧಿಯ ಹೊತ್ತಾದ್ದರಿಂದ ಮಳೆ ಹೊಳವಾದ ದಿನ ಆತ ಯಾರದೋ ತೋಟದಲ್ಲಿ ಮರದ ಮೇಲಿರುತ್ತಾನೆ. ಜೋರು ಮಳೆಯ ದಿನ ನೋಡಿಕೊಂಡು ಹೋಗು. ನೋಟುಪುಸ್ತಕ ಒಯ್ಯಬೇಡ, ಮೊಬೈಲಿನಲ್ಲಿ ಧ್ವನಿ ಹಿಡಿಯಬೇಡ. ಆ ವರ್ಷದ ಕೂಲಿ ಇನ್ನೂ ಬಾಕಿಯಿದ್ದರೆ ಅದನ್ನು ಮೊದಲು ಕೊಡು, ಮಾತು ಆಮೇಲೆ. ಕೊಡಲು ಕೈಯಲ್ಲಿ ಇಲ್ಲದಿದ್ದರೆ ಆತ ಒಂದು ಕವಳ ಹಾಕಿ ಮುಗಿಸುವಷ್ಟು ಹೊತ್ತು ಸುಮ್ಮನೆ ಕುಳಿತು ಬಾ, ಒಂದೇ ಸಲಕ್ಕೆ ಏನೂ ಸಿಗದಿದ್ದರೆ ಮತ್ತೆ ಹೋಗು. ಬರೆದಾದ ಮೇಲೆ, ಯಾವ ಪತ್ರಿಕೆಗೂ ಕಳುಹಿಸುವ ಮುನ್ನ, ಅದನ್ನು ಆತನ ಮುಂದೆಯೇ ಓದಿ ಹೇಳು. ಗಾಂಧಿ ಬಜಾರಿನ ಆ ಓಣಿಯಲ್ಲಿ ನಾನು ಮಾಡದೆ ಉಳಿಸಿಕೊಂಡ ಕೆಲಸ ಅದು. ಆತ ಒಪ್ಪದೆ ಹೋದರೆ ಏನು ಮಾಡಬೇಕೆಂದು ನನ್ನನ್ನು ಕೇಳಬೇಡ, ನನಗೆ ಆ ಅನುಭವವಿಲ್ಲ.

ಹಸ್ತಪ್ರತಿಯನ್ನು ನಾಳೆ ಬೆಳಗಿನ ಶಿವಮೊಗ್ಗದ ಬಸ್ಸಿನಲ್ಲಿ ಪರಿಚಯದವರೊಬ್ಬರ ಕೈಯಲ್ಲಿ ಕಳುಹಿಸುತ್ತಿದ್ದೇನೆ, ನಿನ್ನ ಅಂಗಡಿಗೇ ತಂದುಕೊಡುತ್ತಾರೆ. 63ನೆಯ ಪುಟದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿದ್ದೇನೆ, ಉಳಿದೆಡೆ ಏನನ್ನೂ ಬರೆದಿಲ್ಲ. ನೀನೂ ನನ್ನಂತೆ ಪುಟಗಳ ನಡುವೆ ಎಲ್ಲಾದರೂ ಎಸಳನ್ನೋ ಎಳೆಯನ್ನೋ ಇಟ್ಟಿದ್ದೆಯೋ ನನಗೆ ತಿಳಿಯದು. ಇಟ್ಟಿದ್ದರೆ ಈಗ ಅಲ್ಲಿ ಹುಡುಕಬೇಡ. ನಮ್ಮ ಅಡುಗೆಮನೆಯ ಅಟ್ಟದ ಮೇಲೋ, ನನ್ನ ಮೇಜಿನ ಕೆಳಗೋ ಅದು ಉದುರಿಹೋಗಿದೆ.

ನಿನ್ನ,
ಮೇಷ್ಟ್ರು